ಚಿಲ್ಲರೆ

ವಾಲ್ಪರೈಸೊ ಬಂದರಿನ ಬೆನ್ನಿಗೆ ಕಡಿದಾದ ಗುಡ್ಡ,
ಗುಡ್ಡಕ್ಕೆ ಏಣಿ ಒರಗಿಸಿದಂತೆ ಹಳಿ,
ಹಳಿಯ ಮೇಲೆ ಮರದ ಎರಡು ಡಬ್ಬಿ,
ಒಂದೇ ಉಕ್ಕಿನ ಹಗ್ಗದ ಎರಡು ತುದಿಗೆ.
ಒಂದು ಏರಬೇಕಾದರೆ ಇನ್ನೊಂದು ಇಳಿಯಲೇಬೇಕು.
ಲಿಫ್ಟ್ ಅನ್ನಲಾಗದು, ರೈಲು ಅಂದರೆ ಮಕ್ಕಳೂ ನಗುತ್ತಾರೆ.

ಮೇಲಿನ ಗೂಡಿನಲ್ಲಿ ಎದುವಿನಾ, ಟಿಕೆಟ್ಟಿನವಳು.
ಗಾಜಿನ ಬುಡದಲ್ಲಿ ಅರ್ಧಚಂದ್ರದ ಕಿಂಡಿ:
ನೋಟು ಒಳಗೆ, ಚಿಲ್ಲರೆ ಹೊರಗೆ,
ಹತ್ತೊಂಬತ್ತು ವರ್ಷ.
ಅವಳ ಕೈ ಊರಿಗೆಲ್ಲ ಗೊತ್ತು.
ಮುಖ ಹೇಗಿದೆ ಎಂದರೆ ಕೊಂಚ ಯೋಚಿಸಬೇಕು.

ಜೂನ್ ತಿಂಗಳ ಚಳಿ, ಒಂದು ಮಂಗಳವಾರ,
ಎಂಟೂಕಾಲಿಗೆ ಕರೆಂಟು ಹೋಯಿತು.
ನೆಲದಡಿಯ ಮೋಟಾರಿನ ಗುಂಯ್ ಸದ್ದು ತಟ್ಟನೆ ನಿಂತು,
ಇಷ್ಟು ಕಾಲ ಅದೊಂದು ಇತ್ತು ಎಂಬುದೇ
ಆಗ ತಿಳಿಯಿತು ಅವಳಿಗೆ.

ಇಳಿಜಾರಿನ ನಟ್ಟನಡುವೆ ಡಬ್ಬಿಗಳು
ಅಕ್ಕಪಕ್ಕ ನಿಂತುಬಿಟ್ಟವು.
ಇದರ ಕಿಟಕಿಯಲ್ಲಿ ಬಲೆ ಹೆಣೆಯುವ ಮುದುಕ,
ಅದರ ಕಿಟಕಿಯಲ್ಲಿ ಬಸುರಿ ನರ್ಸು.
ಮೊಳದಷ್ಟು ಅಂತರ. ಇಬ್ಬರಿಗೂ ಮಾತಿಲ್ಲ.
ಮಂಜು ಸರಿಯಿತು. ಕಡಲು ಸುಮ್ಮನೆ ಬಂದು ಕೂತಿತು.
ತಗಡಿನ ಮಾಡಿನ ಮೇಲೊಂದು ನಾಯಿ ಮಗ್ಗುಲು ಬದಲಿಸಿತು,
ಬಂದರಿನ ಕ್ರೇನು ಪೆಟ್ಟಿಗೆಯೊಂದನ್ನು ಕಚ್ಚಿಕೊಂಡು
ಆಕಾಶದಲ್ಲೇ ತಡೆದು ನಿಂತಿತ್ತು.
ಎಲ್ಲವೂ ಇದ್ದಲ್ಲೇ ಇತ್ತು.
ಎದುವಿನಾ ಮಾತ್ರ ಗೂಡಿನಲ್ಲಿರಲಿಲ್ಲ:
ಅವಳೊಳಗೆ ಸದಾ ಲೆಕ್ಕ ಬರೆಯುವ ಗುಮಾಸ್ತೆ
ಹೇಳದೆ ಕೇಳದೆ ಚಹಾಕ್ಕೆ ಎದ್ದುಹೋಗಿದ್ದಳು.

ಎಷ್ಟು ಹೊತ್ತು?
ಜನರೇಟರಿನ ಹುಡುಗ ಹೇಳುತ್ತಾನೆ, ನಲವತ್ತು ಸೆಕೆಂಡು.

ಅದೇ ಮಧ್ಯಾಹ್ನ
ಗೇಟು ಹಾರಿದ ಶಾಲೆಯ ಹುಡುಗನ ಕಾಲರು ಹಿಡಿದು
ಅವಳು ಕೂಗಿದ್ದು ಕೆಳಗಿನ ಮೀನುಪೇಟೆಗೂ ಕೇಳಿತು.
ಕೂಗುತ್ತಲೇ ಹುಡುಕಿದಳು, ಬೆಳಗಿನದು ಎಲ್ಲಿ?
ಜೇಬಿನಲ್ಲಿಲ್ಲ, ಎದೆಯಲ್ಲಿಲ್ಲ.

ರಾತ್ರಿ ಮನೆಯಲ್ಲಿ ರೇಡಿಯೊ ಆರಿಸಿದಳು, ಗಡಿಯಾರ ಮಗುಚಿಟ್ಟಳು,
ಕೊನೆಗೆ ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತು
ಕತ್ತಲಲ್ಲಿ ಕಾದು ಕೂತಳು.
ಬಂದದ್ದು ನಿದ್ದೆ.
ಮೂರು ರಾತ್ರಿ ಹೀಗಾದ ಮೇಲೆ
ಅಕ್ಕ ಒರ್ಮೆಸಿಂದಾ ಮೂಗು ಮುಚ್ಚಿ ಕೇಳಿದಳು:
"ಏನಾದರೂ ಕೇಳಿಸಿತೇ?"
"ಏನೂ ಇಲ್ಲ."
"ಏನೂ ಇಲ್ಲದ್ದಕ್ಕೆ ಎರಡು ಕಿಲೊ ಮೀನು ತೆತ್ತೆಯಲ್ಲೇ!"

ಭಾನುವಾರ ಇಗರ್ಜಿಯಲ್ಲಿ ಮಂಡಿಯೂರಿದಾಗಲೂ
ಮಂಡಿನೋವೇ ಮೊದಲು ಮಾತಾಡಿತು.

ಸೋಮವಾರ ಪ್ರವಾಸಿಯೊಬ್ಬ, ನೂರು ಪೆಸೊ ಟಿಕೆಟ್ಟಿಗೆ
ಇಪ್ಪತ್ತು ಸಾವಿರದ ನೋಟು ಚಾಚಿದ.
"ಇದನ್ನಿಟ್ಕೊಂಡು ಈ ಗುಡ್ಡ ಇಳಿಯೋಕಾಗಲ್ಲ ಸ್ವಾಮಿ,
ಮುರಿಸ್ಕೊಂಡು ಬನ್ನಿ."
ರೂಢಿಯ ಮಾತು, ದಿನಕ್ಕೆ ಹತ್ತು ಸಲ ಆಡುವಂಥದ್ದು.
ಆಡಿಯಾದ ಮೇಲೂ ಬಾಯಿ ಹಾಗೇ ತೆರೆದಿತ್ತು.

ಆಮೇಲೆ ದೊಡ್ಡದೇನೂ ನಡೆಯಲಿಲ್ಲ.
ನಾಣ್ಯವನ್ನು ತಟ್ಟೆಗೆ ಎಸೆಯುತ್ತಿದ್ದವಳು ಅಂಗೈಗೆ ಇಡತೊಡಗಿದಳು.
ಬಲೆಯ ಮುದುಕ ಏದುತ್ತ ಬರುವುದು ಕಂಡರೆ
ಗಂಟೆ ಬಾರಿಸುವ ಮುನ್ನ ಎರಡು ಉಸಿರು ತಡೆದಳು;
ಒಳಗಿದ್ದವರು ಗೊಣಗಿದರು, ಗೊಣಗಲಿ.
ಆ ಹುಡುಗ ಮತ್ತೆ ಬಂದ. ಅವನ ಶೂ ಬಾಯಿ ಬಿಟ್ಟಿತ್ತು,
ಆವತ್ತು ಕಂಡಿರಲಿಲ್ಲ.
"ನಾಳೆ ಕೊಡು" ಅಂದಳು.
ನಾಳೆಯೂ ಕೊಡಲಿಲ್ಲ, ಭಂಡ.
ಬುಧವಾರ ತಲೆನೋವು, ಕಂಡವರಿಗೆಲ್ಲ ಬೈಗುಳ;
ಚಿಲ್ಲರೆ ಬುದ್ಧಿ ನನ್ನದು ಎಂದುಕೊಂಡು
ಆ ಮಾತಿಗೇ ನಕ್ಕುಬಿಟ್ಟಳು, ಒಬ್ಬಳೇ.

ನಲವತ್ತು ಸೆಕೆಂಡು.
ಮುರಿಸಿ ಮುರಿಸಿ ಖರ್ಚು ಮಾಡಿದರೆ ಎಷ್ಟು ದಿನ ಬಂದೀತು?
ಎಣಿಸುವ ಗುಮಾಸ್ತೆಗೂ ಈಗ ಅಷ್ಟು ಖಾತ್ರಿಯಿಲ್ಲ.

ಇವತ್ತು ಮತ್ತೆ ಮಂಜು. ಮೋಟಾರು ಗುಂಯ್‌ಗುಡುತ್ತಿದೆ.
ಆ ನರ್ಸು, ಈಗ ಮಗುವನ್ನು ಎದೆಗೆ ಕಟ್ಟಿಕೊಂಡವಳು,
ಚಿಲ್ಲರೆ ತೆಗೆದುಕೊಂಡು ನಾಲ್ಕು ಹೆಜ್ಜೆ ನಡೆದು
ನಿಂತಳು. ನಾಣ್ಯ ಬೆಚ್ಚಗಿತ್ತು.
ಯಾರು ಕೊಟ್ಟದ್ದೆಂದು ತಿರುಗಿ ನೋಡಿದಳು:
ಗಾಜಿನ ತುಂಬ ಉಸಿರಿನ ಹಬೆ,
ಹಬೆಯಾಚೆ ಒಂದು ಮುಖ,
"ಮುಂದಿನವರು ಬನ್ನಿ" ಅನ್ನುತ್ತಿತ್ತು.